ಕಂದಿಕೆರೆವರೆಗೆ ನಡೆದ ಲೈನ್‌ಮ್ಯಾನ್

ಐದು ದಿನದ ಆ ನಡಿಗೆಗೆ ನಮ್ಮ ನಾಲ್ವರ ಕೈಯಿಂದ ಹೋದದ್ದು ಒಟ್ಟು ಒಂಬತ್ತು ಸಾವಿರದ ಆರುನೂರು ರೂಪಾಯಿ. ಊಟ, ತಿಂಡಿ, ಟೀ, ಒಂದು ಬ್ಯಾನರು, ತಲೆಗೊಂದು ಟೋಪಿ, ನಾಲ್ಕು ಜೊತೆ ಬೂಟು. ಜನ ಕೊಡುವ ದುಡ್ಡಿನಲ್ಲಿ ಒಂದು ಲೋಟ ಟೀ ಕೂಡ ಕುಡಿಯಬಾರದು ಎಂದು ಹೊರಡುವ ಮೊದಲೇ ಮಾತಾಗಿತ್ತು, ಹಾಗಾಗಿ ಖರ್ಚೆಲ್ಲ ನಮ್ಮ ಜೇಬಿನದು. ಬೂಟಿನದೇ ಅದರಲ್ಲಿ ಮೂರು ಸಾವಿರದ ಆರುನೂರು. ಅಂಗಡಿಯವನು ಜೊತೆಗೆ ಸಾವಿರದ ನೂರು ಹೇಳಿದ್ದ, ನಾನು ಒಂಬೈನೂರಕ್ಕೆ ಇಳಿಸಿದೆ. ಎಂಟು ನೂರು ಉಳಿಸಿದೆನೆಂದು ಅವತ್ತು ನಡಿಗೆ ಶುರುವಾಗುವ ಮೊದಲೇ ಎದೆ ಉಬ್ಬಿಸಿಕೊಂಡಿದ್ದೆ. ಆ ನಾಲ್ಕು ಜೊತೆಯಲ್ಲಿ ಒಂದನ್ನು ಹಾಕಿಕೊಂಡಿದ್ದವನು ಕಳೆದ ತಿಂಗಳು ತೀರಿಹೋದ. ಅವನ ವಿಷಯ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ. ನನಗೆ ಬರೆದು ಅಭ್ಯಾಸವಿಲ್ಲ, ಮಾತಾಡಿ ಅಭ್ಯಾಸ.

ಅವನನ್ನು ನಮ್ಮ ಕಡೆ ಯಾರೂ ಹೆಸರು ಹಿಡಿದು ಕರೆದವರಲ್ಲ. ಲೈನ್‌ಮ್ಯಾನ್ ಅಂದರೆ ಅವನೇ. ಆಮೇಲೆ ಅದೇ ಕೆಲಸಕ್ಕೆ ಎಷ್ಟೋ ಜನ ಬಂದರು, ಅವರಿಗೆಲ್ಲ ಹೆಸರುಗಳಿದ್ದವು. ನಾನೂ ಇಲ್ಲಿ ಹೆಸರು ಹಾಕುವುದಿಲ್ಲ. ತಿಪಟೂರಿನ ಸರ್ಕಾರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಹತ್ತನೇ ತರಗತಿಯಾದ ಮೇಲೆ ನಾನು ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ತೋಟ ತೋಟ ಸುತ್ತಿ ಕಾಯಿ ಕೊಳ್ಳಲು ಶುರು ಮಾಡಿದೆ. ಅವನು ಕರೆಂಟ್ ಆಫೀಸಿಗೆ ದಿನಗೂಲಿಗೆ ಸೇರಿ ಕಂಬ ಹತ್ತತೊಡಗಿದ. ನಾನು ಕಾಯಿಯಿಂದ ಕೊಬ್ಬರಿಗೆ, ಸೈಕಲ್ಲಿನಿಂದ ಅಂಗಡಿಗೆ ಬಂದೆ. ಅವನು ಕೆಲಸ ಕಾಯಂ ಆದಮೇಲೂ ಕಂಬದ ಮೇಲೆಯೇ ಇದ್ದ.

ದೂರವನ್ನು ಅವನು ಕಿಲೋಮೀಟರಿನಲ್ಲಿ ಹೇಳಿದ್ದು ನಾನು ಕೇಳಿಲ್ಲ. ಕಂಬದಲ್ಲಿ ಹೇಳುತ್ತಿದ್ದ. ಮಗಳನ್ನು ಕೊಟ್ಟ ಊರು ಎಲ್ಲಿ ಬರುತ್ತದೆ ಎಂದು ಕೇಳಿದ್ದಕ್ಕೆ, "ತುರುವೇಕೆರೆ ದಾಟಿ ಎಡಕ್ಕೆ ತಿರುಗಿದ್ರೆ ಎಪ್ಪತ್ತು ಕಂಬ ಕಣ್ಲಾ, ಮಧ್ಯ ಎರಡು ಟೀಸಿ ಬತ್ತವೆ" ಎಂದ. ಟೀಸಿ ಅಂದರೆ ಟ್ರಾನ್ಸ್‌ಫಾರ್ಮರು.

"ಊರು ಆಯ್ತು. ಹುಡುಗ ಹೆಂಗವ್ನೆ?" ಎಂದೆ.

"ಲೋಡ್ ತಡೀತಾನೆ" ಎಂದ.

ಇನ್ನೊಂದು ಅಭ್ಯಾಸವಿತ್ತು. ಯಾವ ವಸ್ತುವನ್ನೇ ಆಗಲಿ ಮೊದಲು ಅಂಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆರಳ ಹಿಂಭಾಗದಿಂದ ಸವರಿ ನೋಡಿ ಆಮೇಲೆ ಹಿಡಿಯುತ್ತಿದ್ದ. ತಂತಿಯಲ್ಲಿ ಕರೆಂಟ್ ಇದ್ದರೆ ಅಂಗೈ ಅದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತದೆ, ಹಿಂಗೈ ಆದರೆ ಕೈ ಹಿಂದಕ್ಕೆ ಹಾರುತ್ತದೆ. ಇದು ಕಂಬದ ಪಾಠ. ಅವನು ಅದನ್ನು ಟೀ ಲೋಟಕ್ಕೂ, ಬಾಗಿಲ ಚಿಲಕಕ್ಕೂ, ಬಸ್ಸಿನ ಕಂಬಿಗೂ ತಂದಿದ್ದ. ನಮ್ಮ ಮನೆಗೆ ಬಂದಾಗ ನನ್ನ ಮೊಮ್ಮಗಳ ಕೆನ್ನೆಯನ್ನೂ ಹಾಗೇ ಹಿಂಗೈಯಿಂದ ಮುಟ್ಟುತ್ತಿದ್ದ. ಆ ಮಗು ಅವನ ಕೈ ಕಂಡರೇ ನಗುತ್ತಿತ್ತು.

ಕರೆಂಟು ಹೋದಾಗ ಜನ ಫೋನು ಮಾಡಿ ಅವನಿಗೆ ಬೈಯುವುದು ಮಾಮೂಲು. ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ ಕರೆಂಟು ಹೋದರೆ ರೈತನ ಬಾಯಲ್ಲಿ ಏನು ಬರುತ್ತದೆಂದು ನಾನು ಬರೆಯಬೇಕಾಗಿಲ್ಲ. ಇವನು ಪೂರ್ತಿ ಕೇಳಿಸಿಕೊಂಡು, "ಸರಿ ಕಣಪ್ಪ, ನೀನು ಬೈತಿರು, ನೀನು ಮುಗ್ಸೋದ್ರೊಳಗೆ ನಾನು ಬತ್ತೀನಿ" ಎಂದು ಸೈಕಲ್ಲು ಹತ್ತುತ್ತಿದ್ದ. ಬಂದೇ ಬರುತ್ತಿದ್ದ. ಆಗಲ್ಲ ಎಂಬ ಮಾತು ಅವನ ಬಾಯಲ್ಲಿ ಹುಟ್ಟಿರಲಿಲ್ಲ. ಅದು ಒಳ್ಳೆಯ ಗುಣವೆಂದು ನಾವೆಲ್ಲ ನಲವತ್ತು ವರ್ಷ ಹೊಗಳಿದೆವು.

ವ್ಯಾಪಾರ ಮಾತ್ರ ಅವನಿಗೆ ಬರುತ್ತಿರಲಿಲ್ಲ. ಸಂತೆಯಲ್ಲಿ ಹೇಳಿದ ರೇಟಿಗೆ ಕೊಟ್ಟು ಬರುವವನು. ಒಂದು ಸಲ ಬಾಳೆಹಣ್ಣಿನ ಚಿಪ್ಪಿಗೆ ಹೆಂಗಸು ಕೇಳಿದಷ್ಟನ್ನೂ ಕೊಟ್ಟದ್ದು ನೋಡಿ ನಾನು ರೇಗಿದೆ.

"ಲೇ, ಕೇಳಿದಷ್ಟು ಕೊಟ್ರೆ ಅವಳಿಗೂ ಸಮಾಧಾನ ಇರಲ್ಲ ಕಣ್ಲಾ. ಅಯ್ಯೋ, ಇನ್ನೂ ಜಾಸ್ತಿ ಕೇಳ್ಬೇಕಾಗಿತ್ತು ಅಂತ ಮನೆಗೋಗಿ ಕೊರಗ್ತಾಳೆ."

"ಹಂಗಾರೆ ನೀನು ಚೌಕಾಸಿ ಮಾಡೋದು ಅವರ ಸಮಾಧಾನಕ್ಕಾ?"

"ಮತ್ತಿನ್ಯಾತಕ್ಕೆ?"

"ಪುಣ್ಯಾತ್ಮ" ಎಂದು ನನಗೊಂದು ಹಣ್ಣು ಸುಲಿದುಕೊಟ್ಟ.

ನಡಿಗೆಯ ಯೋಚನೆ ಅವನದೇ. ಅದಕ್ಕೊಂದು ಹಿನ್ನೆಲೆ ಇದೆ. ಅವನು ನಿವೃತ್ತಿಯಾಗುವ ಕೊನೆಯ ವರ್ಷ, ನೊಣವಿನಕೆರೆ ಹತ್ತಿರ ತಂತಿಯ ಮೇಲೆ ಬಿದ್ದಿದ್ದ ತೆಂಗಿನ ಗರಿ ತೆಗೆಯಲು ಕಂಬ ಹತ್ತಿದ್ದ. ಪಕ್ಕದ ತೋಟದಲ್ಲಿ ಒಬ್ಬ ಮರ ಹತ್ತಿ ಕಾಯಿ ಕೆಡವುತ್ತಿದ್ದ. "ಕಾಯಿ ಬಿದ್ದ ಸದ್ದು ಬೇರೆ, ಮಟ್ಟೆ ಬಿದ್ದ ಸದ್ದು ಬೇರೆ. ಅವತ್ತು ಕೇಳಿದ್ದು ಎರಡೂ ಅಲ್ಲ ಕಣ್ಲಾ" ಎಂದು ಆಮೇಲೆ ನನಗೆ ಹೇಳಿದ. ಇಳಿದು ಓಡಿದ್ದಾನೆ. ಪಂಪ್‌ಹೌಸಿನ ಬಾಗಿಲು ಕಿತ್ತು ಅದರ ಮೇಲೆ ಆ ಮನುಷ್ಯನನ್ನು ಮಲಗಿಸಿ ಟೆಂಪೋದಲ್ಲಿ ಆಸ್ಪತ್ರೆಗೆ ತಂದಿದ್ದಾನೆ. ಜೀವ ಉಳಿಯಿತು, ಸೊಂಟದ ಕೆಳಗೆ ಉಳಿಯಲಿಲ್ಲ.

ಬಿದ್ದವನು ಚಿಕ್ಕನಾಯಕನಹಳ್ಳಿ ಆಚೆ ಕಂದಿಕೆರೆಯವನು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಲೈನ್‌ಮ್ಯಾನ್ ತಿಂಗಳಿಗೊಮ್ಮೆ ಬಸ್ಸು ಹಿಡಿದು ಅವನನ್ನು ನೋಡಿ ಬರುತ್ತಿದ್ದ. ಮಲಗಿ ಮಲಗಿ ಅವನ ಬೆನ್ನೆಲ್ಲ ಹುಣ್ಣಾಗಿತ್ತು. ಗಾಳಿ ತುಂಬುವ ಹಾಸಿಗೆ ಇದ್ದರೆ ಹುಣ್ಣು ಮಾಯುತ್ತದೆ ಎಂದು ಯಾರೋ ನರ್ಸಮ್ಮ ಹೇಳಿದ್ದರು. ಇವನು ತನ್ನ ದುಡ್ಡಿನಲ್ಲಿ ಒಂದು ತಂದುಕೊಟ್ಟ. ಕೊಟ್ಟು ಸುಮ್ಮನಾಗುವ ಬದಲು, ಹೀಗೆ ಮರದಿಂದ ಬಿದ್ದು ಮಲಗಿದವರು ಇನ್ನೆಲ್ಲಿ ಇದ್ದಾರೆಂದು ವಿಚಾರಿಸುತ್ತಾ ಹೋದ. ಅವನಿಗೆ ಗೊತ್ತಿಲ್ಲದ ಮನೆ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಪಾಕೆಟ್ ಡೈರಿಯಲ್ಲಿ ಹೆಸರು ಬರೆದುಕೊಂಡು ಬಂದು ನನ್ನ ಅಂಗಡಿಯ ಮೇಜಿನ ಮೇಲೆ ಇಟ್ಟ. ಎರಡು ಪುಟ ತುಂಬಿತ್ತು. ಅದರಲ್ಲಿ ನಾಲ್ಕು ಹೆಸರು ನನಗೇ ಪರಿಚಯ. ಅವರು ಕೆಡವಿದ ಕಾಯಿ ಕೊಂಡು ಕೊಂಡೇ ನಾನು ಮನೆ ಕಟ್ಟಿಸಿದವನು, ಅವರು ಯಾಕೆ ಕಾಣುತ್ತಿಲ್ಲವೆಂದು ಒಂದು ದಿನವೂ ಕೇಳಿರಲಿಲ್ಲ.

"ಜೀಪು ಮಾಡ್ಕೊಂಡು ಎರಡು ದಿನ ಸುತ್ತಿ ವಸೂಲಿ ಮಾಡಾನ" ಎಂದೆ.

"ಬ್ಯಾಡ. ನಡ್ಕೊಂಡೋಗಾನ. ಜೀಪಲ್ಲಿ ಹೋದ್ರೆ ಯಾವ್ದೋ ಎಲೆಕ್ಷನ್ನು ಅಂತಾರೆ. ನಡ್ಕೊಂಡು ಬಂದೋನಿಗೆ ಮೊದ್ಲು ನೀರು ಕೊಡ್ತಾರೆ, ಆಮೇಲೆ ಕೂರಿಸ್ತಾರೆ, ಆಮೇಲೆ ಮಾತು ಕೇಳ್ತಾರೆ."

ಇಷ್ಟು ದೊಡ್ಡ ವ್ಯಾಪಾರದ ಗುಟ್ಟು ಚೌಕಾಸಿ ಗೊತ್ತಿಲ್ಲದವನ ಬಾಯಿಂದ ಬಂದಿತು. ಒಪ್ಪಿದೆ. ನಮ್ಮ ಜೊತೆಗೆ ಶಾಲೆಯ ದಿನದ ಇನ್ನಿಬ್ಬರು ಗೆಳೆಯರು ಸೇರಿದರು, ಒಬ್ಬ ಟೈಲರು, ಇನ್ನೊಬ್ಬ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ತಿಪಟೂರಿನಿಂದ ನೊಣವಿನಕೆರೆ, ಅಲ್ಲಿಂದ ತುರುವೇಕೆರೆ, ಮೂರನೇ ದಿನ ಕಿಬ್ಬನಹಳ್ಳಿ, ನಾಲ್ಕನೇ ದಿನ ಚಿಕ್ಕನಾಯಕನಹಳ್ಳಿ, ಐದನೇ ದಿನ ಕಂದಿಕೆರೆಯಲ್ಲಿ ಆ ಮರ ಹತ್ತುವವನ ಮನೆ. ಹೀಗೆಂದು ದಾರಿ ಗೊತ್ತು ಮಾಡಿದೆವು.

ಈಗ ನಾನು ಮಾಡಿದ್ದನ್ನು ಹೇಳಬೇಕು.

ಹೊರಡುವ ಒಂದು ವಾರ ಮುಂಚೆ ನಮ್ಮೂರಿನ ದೊಡ್ಡ ಸಾಹುಕಾರರೊಬ್ಬರನ್ನು ಕಾಣಲು ನಾನೂ ಲೈನ್‌ಮ್ಯಾನೂ ಹೋದೆವು. ಸಾಹುಕಾರರು ವಿಷಯ ಕೇಳಿ, "ಒಳ್ಳೆ ಕೆಲಸ. ಏನಾದ್ರೂ ಕೊಡಾನ ಬುಡಿ" ಎಂದರು. ಏನಾದರೂ ಎಂಬುದು ವ್ಯಾಪಾರದಲ್ಲಿ ಬಲು ಸಣ್ಣ ಅಂಕಿ. ನಾನು ಬಿಡಲಿಲ್ಲ.

"ಸಾವ್ಕಾರ್ರೇ, ಏನಾದ್ರೂ ಬ್ಯಾಡಿ. ಒಂದು ಮಾತು ಹೇಳ್ತೀನಿ. ನಾವು ನಾಲ್ಕು ಜನ ಐದು ದಿನ ಒಂದು ಹೆಜ್ಜೆ ಕೂಡ ಗಾಡಿ ಹತ್ತದಂಗೆ ಕಂದಿಕೆರೆ ಮುಟ್ತೀವಿ. ಮುಟ್ಟಿದ್ರೆ, ದಾರೀಲಿ ಎಷ್ಟು ಕೂಡ್ತದೋ ಅಷ್ಟೇ ದುಡ್ಡು ನೀವು ಸೇರಿಸ್ಬೇಕು. ನಮ್ಮಲ್ಲಿ ಒಬ್ಬ ಗಾಡಿ ಹತ್ತಿದ್ರೂ ನಿಮ್ಮದು ಒಂದು ರೂಪಾಯಿ ಬ್ಯಾಡ."

ಸಾಹುಕಾರರು ನಕ್ಕರು. "ಆಗ್ಲಿ ಹೋಗಪ್ಪ" ಎಂದು ಕೈ ಚಾಚಿದರು. ಕೈ ಮೇಲೆ ಕೈ ತಟ್ಟಿದೆ. ನಮ್ಮ ಮಾರುಕಟ್ಟೆಯಲ್ಲಿ ಕೈ ತಟ್ಟಿದ ಮೇಲೆ ಕಾಗದ ಬೇಡ. ದರ ಬಿದ್ದರೂ ಎದ್ದರೂ ತಟ್ಟಿದ್ದೇ ಕೊನೆ.

ಹೊರಗೆ ಬಂದಮೇಲೆ ಲೈನ್‌ಮ್ಯಾನ್ ಕೇಳಿದ, "ಒಬ್ಬನಿಗೆ ಏನಾದ್ರೂ ಆದ್ರೆ?"

"ಏನಾಯ್ತದ್ಲಾ? ಕಂಬ ಹತ್ತೋದಲ್ಲ, ರೋಡಲ್ಲಿ ನಡೆಯೋದು."

ಅಲ್ಲಿಂದ ನೇರ ಬೂಟಿನ ಅಂಗಡಿಗೆ. ಲೈನ್‌ಮ್ಯಾನ್ ಜೀವಮಾನವಿಡೀ ರಬ್ಬರ್ ಚಪ್ಪಲಿಯವನು, ಕೆಲಸಕ್ಕೆ ಮಾತ್ರ ಆಫೀಸಿನ ಬೂಟು. ಒಂಬೈನೂರರ ಆ ಬೂಟಿನಲ್ಲಿ ನಮ್ಮ ನಾಲ್ವರಿಗೂ ಬೇಕಾದ ಒಂಬತ್ತನೇ ನಂಬರಿನದು ಮೂರೇ ಜೊತೆ ಉಳಿದಿತ್ತು, ನಾಲ್ಕನೆಯದು ಎಂಟು. ಇನ್ನೊಂದು ಅಂಗಡಿಗೆ ಹೋದರೆ ನಾಲ್ಕು ಜೊತೆಯ ದರ ಸಿಗುವುದಿಲ್ಲ. ಲೈನ್‌ಮ್ಯಾನ್ ಎಂಟನ್ನು ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಹಾಕಿದ. "ಹಿತವಾಗೈತೆ ಕಣ್ಲಾ" ಎಂದ. "ನಡೀತಾ ನಡೀತಾ ಇನ್ನೂ ಸಡ್ಲ ಆಯ್ತದೆ" ಎಂದು ನಾನು ದುಡ್ಡು ಎಣಿಸಿದೆ. ಅವನಿಗೆ ಶುಗರ್ ಇತ್ತು, ನಮಗೆಲ್ಲ ಗೊತ್ತಿತ್ತು. ಟೀಗೆ ಸಕ್ಕರೆ ಹಾಕಿಸಿಕೊಳ್ಳುತ್ತಿರಲಿಲ್ಲ. ಶುಗರ್ ಅಂದರೆ ಅಷ್ಟೇ ಎಂದು ತಿಳಿದಿದ್ದೆವು.

ಸಂಕ್ರಾಂತಿ ಕಳೆದು ಬಿಸಿಲು ಏರುವ ಹೊತ್ತಿಗೆ ಹೊರಟೆವು. ಮೊದಲ ಎರಡು ದಿನ ನನ್ನ ಜೀವನದಲ್ಲೇ ಒಳ್ಳೆಯ ದಿನಗಳೆಂದು ಹೇಳಿದರೆ ಸುಳ್ಳಾಗುವುದಿಲ್ಲ. ಅವನು ಹೇಳಿದಂತೆಯೇ ಆಯಿತು. ಮೊದಲು ನೀರು, ಆಮೇಲೆ ಚಾಪೆ, ಆಮೇಲೆ ಮಾತು. ಲೈನ್‌ಮ್ಯಾನನ್ನು ನೋಡಿ ಜನ, "ಅಯ್ಯೋ ನೀನಾ, ಕರೆಂಟು ಇನ್ನೂ ಬಂದಿಲ್ಲ ಕಣಪ್ಪ" ಎಂದು ಹಳೆಯ ದೂರು ತೆಗೆಯುತ್ತಿದ್ದರು. "ರಿಟೈರ್ ಆದೆ ಕಣವ್ವ" ಎಂದರೆ, "ಆದ್ರೇನು, ಕಂಬ ಅಲ್ಲೇ ಐತಲ್ಲ" ಎನ್ನುತ್ತಿದ್ದರು.

ನೊಣವಿನಕೆರೆ ದಾಟಿದ ಮೇಲೆ ಒಬ್ಬ ಮುದುಕಿ ದುಡ್ಡಿಲ್ಲವೆಂದು ಹತ್ತು ತೆಂಗಿನಕಾಯಿ ತಂದು ಮುಂದೆ ಸುರಿದಳು. ನಾನು ಪಕ್ಕದ ತೋಟದವನಿಗೆ ಅಲ್ಲೇ ಎಂಟನ್ನು ಮಾರಿದೆ. ಎರಡನ್ನು ಲೈನ್‌ಮ್ಯಾನ್ ಬಿಡಲಿಲ್ಲ.

"ಅವಳ ಕಣ್ಮುಂದೇನೇ ಎಲ್ಲ ಮಾರಿದ್ರೆ ಏನಂದ್ಕೊಂಡಾಳು? ಎರಡಾದ್ರೂ ಹೊತ್ಕೊಂಡೋಗಾನ."

"ಇನ್ನೂ ನಾಲ್ಕು ದಿನ ಹೊರ್ತೀಯಾ?"

"ಬಿದ್ದವನ ಮನೇಲಿ ಚಟ್ನಿಗಾಯ್ತದೆ."

ಟವೆಲ್ಲಿನಲ್ಲಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡ. ಟೈಲರು ಹಿಂದಿನಿಂದ, "ಕೊಬ್ಬರಿ ರೇಟು ಏರ್ತೈತೆ, ಅದ್ಕೇ ಸ್ಟಾಕ್ ಇಟ್ಕೊಂಡವ್ನೆ" ಎಂದು ನಗಿಸಿದ.

ಎರಡನೇ ದಿನ ಮಧ್ಯಾಹ್ನ ತುರುವೇಕೆರೆ ದಾರಿಯಲ್ಲಿ ಲೈನ್‌ಮ್ಯಾನ್ ಇದ್ದಕ್ಕಿದ್ದಂತೆ ಬಗ್ಗಿ ಹಿಂಗೈಯಿಂದ ಟಾರು ರಸ್ತೆಯನ್ನು ಮುಟ್ಟಿ ನೋಡಿದ.

"ಏನ್ಲಾ, ರೋಡಲ್ಲೂ ಕರೆಂಟು ಐತಾ?" ಎಂದೆ.

"ಬಿಸಿ ಎಷ್ಟೈತೆ ಅಂತ ನೋಡ್ದೆ."

ನಾವೆಲ್ಲ ನಕ್ಕೆವು. ರಸ್ತೆಯ ಬಿಸಿ ನನ್ನ ಬೂಟಿನ ಅಟ್ಟೆ ದಾಟಿ ಅಂಗಾಲು ಸುಡುತ್ತಿತ್ತು. ಅದೇ ರಸ್ತೆಯ ಮೇಲೆ ನಿಂತವನಿಗೆ ಬಿಸಿ ತಿಳಿಯಲು ಕೈ ಯಾಕೆ ಬೇಕಾಯಿತೆಂದು ನಾಲ್ಕು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮೂರನೇ ದಿನ ಸಂಜೆ ಕಿಬ್ಬನಹಳ್ಳಿಯಲ್ಲಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡೆವು. ನಾವು ಮೂವರು ಜಗಲಿಯ ಮೇಲೆ ಬೂಟು ಕಳಚಿ ಬಕೆಟ್ಟಿನ ನೀರಿಗೆ ಕಾಲು ಇಳಿಬಿಟ್ಟು ಕೂತೆವು. ಅವನು ಮಾತ್ರ ಹಿತ್ತಲಿಗೆ ಹೋಗಿ ತೊಳೆದು ಬಂದ. ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳುವಾಗ ನಾನು ಪಕ್ಕದಲ್ಲೇ ಇದ್ದೆ. ಬಲಗಾಲಿನ ಕಾಲುಚೀಲದ ಮುಂಭಾಗ ಒದ್ದೆಯಾಗಿತ್ತು. ಕಂದು ಬಣ್ಣ.

"ಏನ್ಲಾ ಅದು?"

"ನೀರು ಕಣ್ಲಾ. ನಿನ್ನೆ ಕಾಲುವೆ ದಾಟುವಾಗ ಒಳಗೆ ನುಗ್ಗಿತ್ತು."

ನಿನ್ನೆ ದಾಟಿದ ಕಾಲುವೆಯಲ್ಲಿ ನೀರಿರಲಿಲ್ಲ. ಅದು ನನಗೂ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು. ನಾನು ಕೊಬ್ಬರಿ ವ್ಯಾಪಾರಿ. ಚೀಲದ ಬಾಯಲ್ಲಿ ಕಾಣುವ ಉಂಡೆ ನೋಡಿ ದರ ಕಟ್ಟಿದವನಲ್ಲ. ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಉಂಡೆ ಎಳೆದು, ಒಡೆದು, ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಮೂಸಿ ನೋಡಿದ ಮೇಲೆಯೇ ಬಾಯಿ ತೆರೆಯುವವನು. ಸ್ವಂತ ಭಾವಮೈದುನನ ಚೀಲಕ್ಕೂ ಕೈ ಹಾಕಿದ್ದೇನೆ. ಯಾವ ಮಾರುವವನ ಮೊದಲ ಮಾತನ್ನೂ ನಂಬದ ನಾನು ಅವತ್ತು ಅವನ ಮೊದಲ ಮಾತನ್ನೇ ತೆಗೆದುಕೊಂಡು ಎದ್ದೆ. ಯಾಕೆಂದರೆ ತಳದಲ್ಲಿ ಏನಿದೆಯೋ ಅದು ನನಗೆ ಬೇಕಾಗಿರಲಿಲ್ಲ.

ನಾಲ್ಕು ರಸ್ತೆ ಕೂಡುವ ಕಡೆ ಬಂದೆವು. ಚಿಕ್ಕನಾಯಕನಹಳ್ಳಿಗೆ ಹೋಗುವ ಬಸ್ಸು ನಿಂತಿತ್ತು, ಅರ್ಧ ಖಾಲಿ. ಡ್ರಿಲ್ ಮೇಷ್ಟ್ರು ಲೈನ್‌ಮ್ಯಾನನ ಕತ್ತು ಮುಟ್ಟಿ ನೋಡಿದ.

"ಲೇ, ಇವನಿಗೆ ಜ್ವರ ಐತೆ. ಬಸ್ ಹತ್ತಿಸ್ಬುಡಾನ. ಸಂಜೆ ನಾವು ಅಲ್ಲಿಗೇ ಹೋಗಿ ಸೇರ್ಕೊಳಾನ."

"ಹತ್ತುಸ್ಲಾ, ಪಾಪ" ಎಂದ ಟೈಲರು.

ಇಬ್ಬರೂ ನನ್ನ ಮುಖ ನೋಡಿದರು. ಸಾಹುಕಾರರ ಹತ್ತಿರ ಮಾತಾಡಿದವನು ನಾನಲ್ಲವೇ. ಅಷ್ಟರಲ್ಲಿ ಒಂದು ಲಕ್ಷದ ಹತ್ತಿರ ಕೂಡಿತ್ತು. ಇವನು ಬಸ್ಸು ಹತ್ತಿದರೆ ಅಷ್ಟೇ ದುಡ್ಡು ಆ ಮೆಟ್ಟಿಲ ಮೇಲೆಯೇ ಹೋಯಿತು. ಆರೇಳು ಗಾಳಿ ಹಾಸಿಗೆ, ನಾಲ್ಕೈದು ಗಾಲಿಕುರ್ಚಿ ಎಂದು ಮನಸ್ಸು ಎಣಿಸಿತು. ಒಳ್ಳೆಯ ಕೆಲಸದ ಲೆಕ್ಕವೇ, ಅದರಲ್ಲಿ ನನ್ನ ಸ್ವಾರ್ಥವೇನೂ ಇಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಯೋಚಿಸಿದರೆ, ಸಾಹುಕಾರರ ಮುಂದೆ ಹೋಗಿ ಕೈ ತಟ್ಟಿದ ಮಾತು ಸೋತೆನೆಂದು ಹೇಳಬೇಕಾಗುತ್ತದಲ್ಲ, ಅದು ಹಾಸಿಗೆ ಕುರ್ಚಿಗಿಂತ ದೊಡ್ಡದಾಗಿ ಕಂಡಿತ್ತು.

"ಏನ್ಲಾ, ಆಯ್ತದಾ?" ಎಂದು ಕೇಳಿದೆ.

ಕೇಳಿದ ಧ್ವನಿ ನನಗೆ ಇನ್ನೂ ನೆನಪಿದೆ. ಕೊಬ್ಬರಿ ಕೊಡುವ ರೈತನಿಗೆ "ಈ ದರಕ್ಕೆ ಆಯ್ತದಾ?" ಎಂದು ಕೇಳುವ ಧ್ವನಿ. ಅದಕ್ಕೆ ಆಗಲ್ಲ ಎಂದವರು ಕಡಿಮೆ.

ಅವನು ಬಸ್ಸಿನ ಕಡೆ ನೋಡಲಿಲ್ಲ, ನನ್ನನ್ನು ನೋಡಿದ. "ಆಯ್ತದೆ ಕಣ್ಲಾ. ನಡಿ" ಎಂದ.

ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಯಿತು.

ಆ ದಿನವೂ ಮಾರನೆಯ ದಿನವೂ ಅವನು ನಡೆದ. ಕುಂಟಲಿಲ್ಲ, ನರಳಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ಚಿಕ್ಕನಾಯಕನಹಳ್ಳಿಯಲ್ಲಿ ಜ್ವರದ ಮಾತ್ರೆ ಕೊಡಿಸಿದೆ. ದುಡ್ಡು ನಾನೇ ಕೊಟ್ಟೆ, ಬರೆಯಲು ನಾಚಿಕೆಯಾದರೂ ಬರೆದಿದ್ದೇನೆ. ಕಂದಿಕೆರೆ ಕಾಣುವಾಗ ಅವನ ಹೆಗಲಿನ ಗಂಟನ್ನು ಟೈಲರು ಕಿತ್ತುಕೊಂಡ.

ಆ ಮರ ಹತ್ತುವವನ ಮನೆ ಊರ ಕೊನೆಯಲ್ಲಿ. ನಡುಮನೆಯಲ್ಲಿ ನೆಲದ ಮೇಲೆಯೇ ಗಾಳಿ ಹಾಸಿಗೆ ಹಾಕಿ ಅವನನ್ನು ಮಲಗಿಸಿದ್ದರು. ಊರಿನ ಕೆಲವರು ಸೇರಿದ್ದರು, ಯಾರೋ ಹಾರ ತಂದಿದ್ದರು. ಅವನ ಹೆಂಡತಿ ನೀರು ಕೊಟ್ಟಳು. ನಾನು ಬಾಗಿಲಲ್ಲೇ ನಿಂತು ಎಷ್ಟು ಕೂಡಿತು, ಸಾಹುಕಾರರದು ಸೇರಿದರೆ ಎಷ್ಟಾಗುತ್ತದೆ ಎಂದು ಊರವರಿಗೆ ಹೇಳುತ್ತಿದ್ದೆ. ನನ್ನ ಪಕ್ಕ ಬೂಟಿನಲ್ಲೇ ನಿಂತಿದ್ದ ಲೈನ್‌ಮ್ಯಾನನಿಗೆ ಒಳಗಿನಿಂದ ಮಲಗಿದ್ದವನ ದನಿ ಬಂತು.

"ಅಣ್ಣ, ನಿಮ್ಮ ಕಾಲಿಗೇನಾಗೈತೆ?"

ನೆಲದ ಮಟ್ಟದಲ್ಲಿ ಮಲಗಿದವನಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ಕಾಣುತ್ತದೆ. ನಾವು ಮೂವರು ಮೂರು ಜೊತೆ ಕಣ್ಣಿನಿಂದ ಎರಡು ದಿನ ಕಾಣದ್ದನ್ನು ಅವನು ಮಲಗಿದಲ್ಲಿಂದಲೇ ಕಂಡ. ಬಲಗಾಲಿನ ಬೂಟಿನ ಹೊಲಿಗೆಯಿಂದ ಕೀವು ಜಿನುಗಿ ಬಟ್ಟೆಯೆಲ್ಲ ಕಪ್ಪಾಗಿತ್ತು.

"ಏನಿಲ್ಲ ಕಣಪ್ಪ" ಎಂದ ಲೈನ್‌ಮ್ಯಾನ್.

"ಏನಿಲ್ಲ ಅನ್ಬ್ಯಾಡಿ. ನಾನೂ ಮೊದ್ಲು ಬೆನ್ನು ಹುಣ್ಣಿಗೆ ಅಂಗೇ ಅಂತಿದ್ದೆ. ಕೂತ್ಕೊಳ್ಳಿ. ಬಿಚ್ಚಿ" ಎಂದ ಅವನು. ಹೆಂಡತಿಯ ಕಡೆ ತಿರುಗಿ, "ಬಿಚ್ಚೇ, ನೀನೇ ಬಿಚ್ಚು" ಎಂದ.

ಆ ಹೆಣ್ಣುಮಗಳು ಕೂತು ಬೂಟು ಬಿಚ್ಚಿದಳು. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಎಳೆದಳು. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಬಣ್ಣ ತಿರುಗಿದ್ದವು. ವಾಸನೆಗೆ ಹಾರ ತಂದವನು ಹೊರಗೆ ಹೋದ. ಲೈನ್‌ಮ್ಯಾನ್ ಅದನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತಿದ್ದ.

"ನೋವೇ ಇರ್ಲಿಲ್ಲವಲ್ಲ" ಎಂದ.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಓಡಿದೆವು. ಮೊದಲು ಎರಡು ಬೆರಳು ತೆಗೆದರು. ಹದಿನೈದು ದಿನಕ್ಕೆ ಮೊಣಕಾಲಿನ ಕೆಳಗೆ ತೆಗೆದರು. ಡಾಕ್ಟರು ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಶುಗರ್ ಹಳೆಯದಾದರೆ ಪಾದದಲ್ಲಿ ಸ್ಪರ್ಶ ಸತ್ತಿರುತ್ತದೆ, ಬಿಸಿ ಗೊತ್ತಾಗುವುದಿಲ್ಲ, ಮುಳ್ಳು ಗೊತ್ತಾಗುವುದಿಲ್ಲ. ಅಂಥವರಿಗೆ ಬಿಗಿಯಾದ ಬೂಟೇ ಹಿತವೆನಿಸುತ್ತದೆ, ಕಾಲಿಗೆ ಏನೋ ಹಾಕಿದೆ ಎಂದು ತಿಳಿಯುವುದೇ ಅಷ್ಟು ಬಿಗಿ ಇದ್ದಾಗ. "ಒಂದೆರಡು ದಿನ ಮುಂಚೆ ಕರ್ಕೊಂಡು ಬಂದಿದ್ರೆ ಬಹುಶಃ ಬೆರಳಲ್ಲೇ ಮುಗೀತಿತ್ತು" ಎಂದರು. ಅಂದರೆ ನಾಲ್ಕನೇ ದಿನ ಬೆಳಿಗ್ಗೆ, ಬಸ್ಸು ನಿಂತಿದ್ದ ಹೊತ್ತು, ಅದನ್ನು ಅವರಿಗೆ ನಾನು ಹೇಳಿರಲಿಲ್ಲ. ಹುಣ್ಣು ನೋಡಿ ಅವರೇ ಲೆಕ್ಕ ಹಾಕಿ ಹೇಳಿದ್ದು.

ಆ ವಾರದಲ್ಲೇ ಸಾಹುಕಾರರು ಹೇಳಿಕಳಿಸಿದರು. ಹೋದೆ. ಚೆಕ್ಕು ಬರೆದಿಟ್ಟಿದ್ದರು, ಪೂರ್ತಿ. ತೆಗೆದುಕೊಳ್ಳುವ ಮುಂಚೆ, "ಷರತ್ತಿನ ಪ್ರಕಾರ ನಾಲ್ಕೂ ಜನ ನಡೆದೇ ಮುಟ್ಟಿದೀವಿ ಸಾವ್ಕಾರ್ರೇ" ಎಂದೆ. ಯಾಕೆ ಹಾಗೆ ಹೇಳಿದೆನೋ, ಒಂದು ರಸೀತಿ ಬೇಕಾಗಿತ್ತೇನೋ.

"ಷರತ್ತಾ? ಯಾವ ಷರತ್ತು?"

"ಅದೇ, ಗಾಡಿ ಹತ್ತದಂಗೆ..."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಓ, ಅವತ್ತು ನೀನೇ ಏನೋ ಹೇಳ್ತಿದ್ದೆ. ನಾನು ಆಗ್ಲಿ ಅಂದೆ. ದಾನಕ್ಕೆ ಯಾರಪ್ಪ ಷರತ್ತು ಹಾಕ್ತಾರೆ? ನಿಮ್ಮಲ್ಲಿ ಒಬ್ಬ ಬಸ್ಸಲ್ಲಿ ಬಂದ ಅಂದಿದ್ರೆ ನಾನೇನು ಇಲ್ಲ ಅಂತಿದ್ನಾ?"

ಚೆಕ್ಕನ್ನು ಹಿಡಿದುಕೊಂಡು ಅವರ ಮೆಟ್ಟಿಲು ಇಳಿದದ್ದು ನೆನಪಿದೆ, ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಆ ಷರತ್ತು ನನ್ನದು. ಕೇಳಿದವರಿಲ್ಲ, ಹೇರಿದವರಿಲ್ಲ. ಏನಾದರೂ ಎಂಬುದನ್ನು ಮೇಲಕ್ಕೆ ಏರಿಸಲು ನಾನೇ ಹೆಣೆದದ್ದು, ನಾನೇ ಕಾದದ್ದು.

ಆಸ್ಪತ್ರೆಯಿಂದ ಬಂದಮೇಲೆ ಲೈನ್‌ಮ್ಯಾನ್ ಕೇಳಿದ, "ಸಾವ್ಕಾರ್ರು ಕೊಟ್ರಾ?"

"ಕೊಟ್ರು."

"ಪೂರ್ತಿನಾ?"

"ಪೂರ್ತಿ."

"ಮತ್ತೆ ಸರಿ ಬುಡು" ಎಂದು ದಿಂಬಿಗೆ ಒರಗಿದ. ಅವನ ಮುಖದಲ್ಲಿ ಒಂದು ಸಮಾಧಾನ ಇತ್ತು. ಸಾಹುಕಾರರು ಹೇಳಿದ್ದನ್ನು ಹೇಳಬೇಕೆಂದೇ ಹೋಗಿದ್ದೆ, ಬಾಯಿಗೆ ಬಂದದ್ದನ್ನು ನುಂಗಿದೆ. ಅದನ್ನು ಹೇಳಿದರೆ ಆ ಕಾಲು ಯಾವುದಕ್ಕೂ ಹೋಗಲಿಲ್ಲ, ಸುಮ್ಮನೆ ಹೋಯಿತು ಎಂದು ಹೇಳಿದಂತೆ. ಅವನ ಸಮಾಧಾನ ಕೆಡಿಸಬಾರದೆಂದು ಸುಮ್ಮನಾದೆನೋ, ನನ್ನನ್ನು ಉಳಿಸಿಕೊಳ್ಳಲು ಸುಮ್ಮನಾದೆನೋ, ಎರಡು ವರ್ಷ ಕೂತು ತೂಗಿದರೂ ತಕ್ಕಡಿ ನಿಂತಿಲ್ಲ.

ಸೇರಿದ ದುಡ್ಡಿನಲ್ಲಿ ಗಾಲಿಕುರ್ಚಿಗಳು ಬಂದಾಗ ಒಂದನ್ನು ಅವನ ಮನೆಗೆ ತೆಗೆದುಕೊಂಡು ಹೋದೆ. ಒಳಗೆ ಬಿಟ್ಟುಕೊಳ್ಳಲಿಲ್ಲ.

"ಅದು ಮರದಿಂದ ಬಿದ್ದೋರಿಗೆ ಅಂತ ಕೇಳಿ ತಂದ ದುಡ್ಡು. ನಾನೆಲ್ಲಿ ಬಿದ್ದಿದೀನಿ? ನೆಲದ ಮೇಲೇ ಇದ್ನಲ್ಲ" ಎಂದು ನಕ್ಕ. ಊರುಗೋಲಿನಲ್ಲೇ ಕಾಲ ಹಾಕಿದ. ಅವನ ಹೆಂಡತಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, "ಅಣ್ಣ, ಆ ದಿನ ಕಿಬ್ಬನಹಳ್ಳೀಲಿ ಬಸ್ಸು ಸಿಗ್ಲಿಲ್ವಾ?" ಎಂದು ಕೇಳಿದಳು. ಆಪಾದನೆಯಲ್ಲ, ತಿಳಿದುಕೊಳ್ಳಲು ಕೇಳಿದ್ದು. "ಸಿಕ್ಕಿತ್ತು ಕಣಮ್ಮ" ಎಂದೆ. ಅಷ್ಟಾದರೂ ನಿಜ ಹೇಳಿದೆ. ಆಮೇಲೆ ನಾನು ಹೋಗುವುದು ಕಡಿಮೆಯಾಯಿತು. ಸೀಜನ್ ಇದೆ, ಲೋಡ್ ಕಳಿಸಬೇಕು, ಹೀಗೆ ನೆಪಗಳು. ನನ್ನಂಥವನಿಗೆ ನೆಪ ಹುಡುಕುವುದು ಕಷ್ಟವಲ್ಲ. ಕಳೆದ ತಿಂಗಳು ಎದೆನೋವೆಂದು ಕೂತವನು ಹಾಗೇ ಹೋದ. ಕಂದಿಕೆರೆಯ ಆ ಮನುಷ್ಯ ನಾವು ಕೊಟ್ಟ ಗಾಲಿಕುರ್ಚಿಯಲ್ಲೇ ಟೆಂಪೋ ಹತ್ತಿಸಿಕೊಂಡು ಮಣ್ಣಿಗೆ ಬಂದಿದ್ದ. ಅವನ ಎದುರು ನಿಲ್ಲಲು ನನಗಾಗಲಿಲ್ಲ, ಟೈಲರನ ಹಿಂದೆ ನಿಂತೆ.

ಈಗ ನಮ್ಮ ಕಡೆ ಯುವಕ ಸಂಘದವರು, ಕಾಲೇಜಿನವರು ಇಂಥ ನಡಿಗೆ ಮಾಡಬೇಕೆಂದರೆ ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಕೊಡುವವರಿಂದ ಹೊರಡುವ ಮೊದಲೇ ಕೊಡಿಸಿಕೊಳ್ಳಿ, ಮುಟ್ಟಿದರೆ ಕೊಡಿ ಎನ್ನಬೇಡಿ. ಬೂಟನ್ನು ಸಂಜೆ ಕೊಳ್ಳಿ, ಕಾಲು ಆಗ ಸ್ವಲ್ಪ ಊದಿರುತ್ತದೆ. ಒಬ್ಬೊಬ್ಬರೇ ಹೋಗಿ ಕೊಳ್ಳಿ, ನನ್ನಂಥವನನ್ನು ಜೊತೆಗೆ ಕರೆದೊಯ್ಯಬೇಡಿ. ಶುಗರ್ ಇರುವವರು ಹೊರಡುವ ಮುಂಚೆ ಡಾಕ್ಟರಿಗೆ ಪಾದ ತೋರಿಸಿ ಬರಲಿ, ಇಲ್ಲವೆಂದರೆ ಕರೆದುಕೊಂಡು ಹೋಗಬೇಡಿ. ದಿನಕ್ಕೆ ಮೂರು ಸಲ ಎಲ್ಲರೂ ಒಂದೇ ಕಡೆ ಕೂತು ಬೂಟು ಕಳಚಿ, ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಿ. ಹಿಂದೆ ಒಂದು ಗಾಡಿ ಬರುತ್ತಿರಲಿ. ಮೊದಲ ದಿನವೇ ನಿಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾದವನು ಯಾರೋ ಅವನು ಎಲ್ಲರ ಕಣ್ಣೆದುರಿಗೆ ಒಂದಿಷ್ಟು ದೂರ ಆ ಗಾಡಿಯಲ್ಲಿ ಕೂತು ಬರಲಿ, ಆಮೇಲೆ ಹತ್ತಲು ಯಾರಿಗೂ ನಾಚಿಕೆಯಾಗುವುದಿಲ್ಲ. ಸುಸ್ತಾದವನನ್ನು ಆಗುತ್ತದಾ ಎಂದು ಕೇಳಲೇಬೇಕಾದರೆ, ಗಾಡಿಯ ಬಾಗಿಲು ತೆಗೆದು ಹಿಡಿದುಕೊಂಡು ಕೇಳಿ.